ನೀಲಿ ಏರಿದ 1918ರ ಬೆಳ್ಳಿ ರೂಪಾಯಿ: ತಾನಾಗಿ ಬಂದ ಬಣ್ಣವೋ, ಬರಿಸಿದ್ದೋ?

ಒಂಟಿಕೊಪ್ಪಲು_ಕಾಸು

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಒಬ್ಬರ ಬಳಿ ಐದನೇ ಜಾರ್ಜ್ ಕಾಲದ 1918ರ ರೂಪಾಯಿ ಮಾರಾಟಕ್ಕಿದೆ. ಬಾಂಬೆ ಟಂಕಸಾಲೆಯದು, ಹಿಂಬದಿಯ ಕೆಳಗಿನ ತಾವರೆಯಡಿ ಚುಕ್ಕಿ ಸ್ಪಷ್ಟವಾಗಿದೆ. ತೂಕ 11.64 ಗ್ರಾಂ, ಅಡ್ಡಳತೆ 30.5 ಮಿ.ಮೀ. ಹಾಗಾಗಿ ನಾಣ್ಯ ಅಸಲಿ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಅನುಮಾನ ಇರುವುದು ಬಣ್ಣದ ಮೇಲೆ.

ರಾಜನ ಮುಖದ ಕಡೆ ಅಂಚಿನಿಂದ ಒಳಕ್ಕೆ ಅರ್ಧ ಸೆಂ.ಮೀ.ನಷ್ಟು ಕಡುನೀಲಿ, ಆಮೇಲೆ ನೇರಳೆ, ಕೆನ್ನೆಯ ಹತ್ತಿರ ಬರುವಷ್ಟರಲ್ಲಿ ತಿಳಿ ಹಳದಿ. ಕಿರೀಟದ ಹಿಂದೆ ಆ ಹಳದಿಗೆ ಅಂಟಿಕೊಂಡಂತೆ ಒಂದು ಹಸಿರು ಪಟ್ಟೆ ಇದೆ. ಹಿಂಬದಿ ಪೂರ್ತಿ ಒಂದೇ ನೀಲಿ. ಹಳೇ ಮನೆಯ ಪೆಟ್ಟಿಗೆಯಲ್ಲಿ ರೇಷ್ಮೆ ಬಟ್ಟೆ ಸುತ್ತಿ ಇಟ್ಟಿದ್ದರಿಂದ ಈ ಬಣ್ಣ ಬಂತು ಅನ್ನುತ್ತಾರೆ. ಬಣ್ಣವಿಲ್ಲದ ಇದೇ ವರ್ಷದ ನಾಣ್ಯದ ಮೂರು ಪಟ್ಟು ಬೆಲೆ ಹೇಳುತ್ತಿದ್ದಾರೆ.

ಕೈಯಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಸಣ್ಣ ಭೂತಗನ್ನಡಿ) ಮತ್ತು ಒಂದು ಎಲ್‌ಇಡಿ ದೀಪ ಇದ್ದರೆ ಏನೇನು ನೋಡಬೇಕು? ಅಸಿಟೋನ್‌ನಲ್ಲಿ ಮುಳುಗಿಸಿದರೆ ಗೊತ್ತಾಗುತ್ತದೆ ಎಂದು ಕೆಲವರು ಹೇಳುತ್ತಾರೆ, ಅದು ಸರಿಯೇ? ಕೊಂಡರೆ ಇಲ್ಲಿನ ಮಳೆಗಾಲದಲ್ಲಿ ಹೇಗೆ ಇಡಬೇಕು?

---

ಮಂಡ್ಯ_ಬೆಳ್ಳಿರೂಪಾಯಿ

ಮೊದಲು ಬಣ್ಣ ನೋಡಬೇಡಿ, ಬಣ್ಣದ ಕೆಳಗಿನ ಮೈ ನೋಡಿ. ಅಚ್ಚೊತ್ತುವಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನ ಸೂಕ್ಷ್ಮ ಗೆರೆಗಳಿಂದಲೇ ಚಲಾವಣೆಯಾಗದ ನಾಣ್ಯಕ್ಕೆ ಮಿರುಗು ಬರುವುದು. ಒಂದೇ ಒಂದು ದೀಪದ ಕೆಳಗೆ ನಾಣ್ಯವನ್ನು ವಾಲಿಸಿ ತಿರುಗಿಸಿದರೆ ಬೆಳಕಿನ ಎರಡು ರೆಕ್ಕೆಗಳು ಗಾಡಿಚಕ್ರದಂತೆ ಸುತ್ತಬೇಕು. ತಾನಾಗಿ ಏರಿದ ಬಣ್ಣದಲ್ಲಿ ಈ ಬೆಳಕು ಬಣ್ಣದ ಒಳಗಿನಿಂದಲೇ ಸುತ್ತುತ್ತದೆ. ಬಣ್ಣ ಗಾಢವಾಗಿದ್ದು ಬೆಳಕು ಸುತ್ತದೆ ಸತ್ತು ಬಿದ್ದಿದ್ದರೆ, ಯಾರೋ ಮೊದಲು ಉಜ್ಜಿಯೋ ಆಮ್ಲದಲ್ಲಿ ಅದ್ದಿಯೋ ಮೈ ಕೆಡಿಸಿ ಆಮೇಲೆ ಬಣ್ಣ ಹೊದಿಸಿದ್ದಾರೆ ಎಂದು ತಿಳಿಯಿರಿ. ಒಂದು ವಿನಾಯಿತಿ ಇದೆ: ತಾನಾಗಿಯೇ ಕಪ್ಪು ಹಂತಕ್ಕೆ ಹೋದ ನಾಣ್ಯದಲ್ಲೂ ಮಿರುಗು ಕಾಣುವುದಿಲ್ಲ. ನಿಮ್ಮದು ಆ ಹಂತದ್ದಲ್ಲ.

ಎರಡನೆಯದು ಬಣ್ಣಗಳ ಸರದಿ. ಬೆಳ್ಳಿಯ ಮೇಲೆ ಕೂರುವುದು ಬೆಳ್ಳಿ, ಗಂಧಕ ಸೇರಿ ಆಗುವ ಸಿಲ್ವರ್ ಸಲ್ಫೈಡ್‌ನ ಪೊರೆ. ಅದಕ್ಕೆ ಸ್ವಂತದ ನೀಲಿಯಾಗಲಿ ನೇರಳೆಯಾಗಲಿ ಇಲ್ಲ. ಮಳೆ ನೀರಿನ ಮೇಲೆ ತೇಲುವ ಡೀಸೆಲ್ ಹನಿಯ ಹಾಗೆ ಪೊರೆಯ ದಪ್ಪ ಬದಲಾದಂತೆ ಕಾಣುವ ಬಣ್ಣ ಬದಲಾಗುತ್ತದೆ. ದಪ್ಪ ಹೆಚ್ಚುತ್ತಾ ಹೋದರೆ ಬಣ್ಣಗಳು ಬರುವ ಕ್ರಮ ಹೀಗೆ: ತಿಳಿ ಹಳದಿ, ಕಿತ್ತಳೆ ಮಿಶ್ರಿತ ಕಂದು, ಕೆನ್ನೇರಳೆ, ಕಡುನೀಲಿ, ತಿಳಿನೀಲಿ. ಅಲ್ಲಿಗೆ ಮೊದಲ ಸುತ್ತು ಮುಗಿಯಿತು. ಪೊರೆ ಇನ್ನೂ ದಪ್ಪವಾದರೆ ಮತ್ತೆ ಹಳದಿ, ಮತ್ತೆ ಕೆಂಪು, ಆಮೇಲೆ ಹಸಿರು. ಹಸಿರು ಬರುವುದು ಎರಡನೇ ಸುತ್ತಿನಲ್ಲಿ. ತಿಳಿ ಹಳದಿಯಿಂದ ನೇರ ಹಸಿರಿಗೆ ಹಾರಬೇಕಾದರೆ ನಡುವೆ ನೇರಳೆ, ನೀಲಿ ಎಲ್ಲವೂ ಸಣ್ಣ ಎಳೆಯಾಗಿಯಾದರೂ ಇರಲೇಬೇಕು. ಲೂಪ್ ಹಿಡಿದು ಆ ಹಸಿರು ಪಟ್ಟೆಯ ಗಡಿ ನೋಡಿ. ಎಳೆಗಳು ಸಿಕ್ಕರೆ ಸರಿ. ಹಳದಿ ಮುಗಿದ ಕಡೆಯೇ ಹಸಿರು ಚಾಕು ಕೊಯ್ದಂತೆ ಶುರುವಾಗಿದ್ದರೆ ಅದು ಸಲ್ಫೈಡ್ ಪೊರೆಯೇ ಅಲ್ಲ, ಬೇರೆ ಏನೋ ಅಂಟಿದೆ. ಅಂಚಿನಿಂದ ನೀಲಿ, ನೇರಳೆ, ಹಳದಿ ಅಂದಿರಲ್ಲ, ಆ ಕ್ರಮದಲ್ಲಿ ತಪ್ಪಿಲ್ಲ. ಗಾಳಿ ಅಂಚಿನಿಂದ ಒಳನುಗ್ಗುವುದರಿಂದ ಅಂಚಿನಲ್ಲಿ ಪೊರೆ ದಪ್ಪ, ನಡುವೆ ತೆಳು ಇರುವುದೇ ಸಹಜ.

ಮೂರನೆಯದನ್ನು ನಾನು ಎಲ್ಲಕ್ಕಿಂತ ಹೆಚ್ಚು ನಂಬುತ್ತೇನೆ. ಅಕ್ಷರಗಳ ಸುತ್ತ ನೋಡಿ. ಉಬ್ಬಿದ ಅಕ್ಷರದ ಪಕ್ಕದಲ್ಲಿ ಲೋಹದ ಹರಿವು ಬೇರೆ, ಬಟ್ಟೆಯೋ ಕಾಗದವೋ ತಾಗುವ ರೀತಿಯೂ ಬೇರೆ. ಅದಕ್ಕೇ ನಿಧಾನವಾಗಿ ಏರಿದ ಬಣ್ಣದಲ್ಲಿ ಜಾರ್ಜ್ ಹೆಸರಿನ ಪ್ರತಿ ಅಕ್ಷರದ ಸುತ್ತಲೂ ಕೂದಲೆಳೆಯಷ್ಟು ಜಾಗ ಒಂದು ಹಂತ ಹಿಂದುಳಿದಿರುತ್ತದೆ. ಸುತ್ತ ನೀಲಿಯಿದ್ದರೆ ಅಕ್ಷರದ ಬುಡದಲ್ಲಿ ನೇರಳೆ, ಸುತ್ತ ನೇರಳೆಯಿದ್ದರೆ ಬುಡದಲ್ಲಿ ಹಳದಿ. ಗಂಧಕದ ದ್ರಾವಣ ಸವರಿ ಕೆಲವು ನಿಮಿಷಗಳಲ್ಲಿ ಬರಿಸಿದ ಬಣ್ಣ ಇದಕ್ಕೆ ಉಲ್ಟಾ: ದ್ರಾವಣ ಅಕ್ಷರದ ಮೂಲೆಯಲ್ಲಿ ನಿಲ್ಲುವುದರಿಂದ ಅಲ್ಲೇ ಹೆಚ್ಚು ಕಪ್ಪಾಗಿರುತ್ತದೆ, ಇಲ್ಲವೇ ಬಯಲು (ಚಿತ್ರ, ಅಕ್ಷರ ಇಲ್ಲದ ಸಪಾಟು ಜಾಗ), ಅಕ್ಷರ, ಕೆನ್ನೆ ಯಾವುದನ್ನೂ ಲೆಕ್ಕಿಸದೆ ಬಣ್ಣ ಒಂದೇ ಸಮ ಹಾದುಹೋಗಿರುತ್ತದೆ. ದ್ರಾವಣ ಒಣಗಿದ ಗಡಿರೇಖೆ, ಮೋಡದಂಥ ಕಲೆ, ಕೆಳಕ್ಕೆ ಇಳಿದ ಗುರುತು ಕಂಡರೆ ಮಾತೇ ಬೇಡ.

ನಾಲ್ಕನೆಯದು ಸವೆತ. ಈ ನಾಣ್ಯದಲ್ಲಿ ಮೊದಲು ಸವೆಯುವುದು ಕಿರೀಟ, ಮೀಸೆ, ಮೇಲಂಗಿಯ ಮೇಲಿನ ಆನೆ. ಕೈಯಿಂದ ಕೈಗೆ ಓಡಾಡಿದ ನಾಣ್ಯದಲ್ಲಿ ತಗ್ಗು ಕಪ್ಪಾಗಿ ಉಬ್ಬು ತಿಳಿಯಾಗಿರಬೇಕು. ಆನೆಯ ಬೆನ್ನು ಸವೆದು ಚಪ್ಪಟೆಯಾಗಿದ್ದರೂ ಅದರ ಮೇಲೆ ಬಯಲಿನಷ್ಟೇ ಗಾಢ ನೀಲಿ ಇದ್ದರೆ, ಬಣ್ಣ ಬಂದದ್ದು ಚಲಾವಣೆ ನಿಂತ ಮೇಲೆ. ಅದೊಂದರಿಂದಲೇ ನಕಲಿ ಎನ್ನಲಾಗದು, ಆದರೆ ಮೂರು ಪಟ್ಟು ಬೆಲೆಗೆ ಅದು ತಕ್ಕದ್ದಲ್ಲ. ಬಣ್ಣ ಗೀರುಗಳ ಒಳಗೂ ಇಳಿದಿದೆಯೇ ನೋಡಿ. ಉಜ್ಜಿದ ಸಣ್ಣ ಗೀರುಗಳ ಮೇಲೆ ಬಣ್ಣ ತಡೆಯಿಲ್ಲದೆ ಹರಡಿದ್ದರೆ ಮೊದಲು ತೊಳೆದಿದ್ದಾರೆ, ಬಣ್ಣ ಆಮೇಲಿನದು.

ಹಿಂಬದಿ ಪೂರ್ತಿ ಒಂದೇ ನೀಲಿ ಎಂದಿರಿ. ಅದೇ ನನಗೆ ಇಷ್ಟವಾಗದ ಸಂಗತಿ. ಇಡೀ ಮುಖದ ಮೇಲೆ ಪೊರೆ ಒಂದೇ ದಪ್ಪಕ್ಕೆ ಬೆಳೆದು ಸರಿಯಾಗಿ ನೀಲಿಯಲ್ಲೇ ನಿಲ್ಲುವುದು ಬಹಳ ಅಪರೂಪ.

---

ರಸಾಯನ_ಗಂಗೋತ್ರಿ

ಮೇಲಿನದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ಒಂದು ವಿಷಯ ಮಾತ್ರ ಬಿಡಿಸಿ ಹೇಳಬೇಕು. ಪೆಟ್ಟಿಗೆಯಲ್ಲಿ ಎಂಬತ್ತು ವರ್ಷ ಇದ್ದು ಬಂದ ಪೊರೆಯೂ ಪೊಟ್ಯಾಸಿಯಂ ಸಲ್ಫೈಡ್ ದ್ರಾವಣದಲ್ಲಿ ಅರ್ಧ ನಿಮಿಷದಲ್ಲಿ ಬಂದ ಪೊರೆಯೂ ರಾಸಾಯನಿಕವಾಗಿ ಒಂದೇ, ಸಿಲ್ವರ್ ಸಲ್ಫೈಡ್. ಬಣ್ಣ ಕೋನಕ್ಕೆ ತಕ್ಕಂತೆ ಬದಲಾಗುತ್ತದೆ, ಆದ್ದರಿಂದ ಸಹಜ ಎಂದು ಮಾರುವವರು ಹೇಳುವುದುಂಟು. ಆ ವಾದ ನಿಲ್ಲುವುದಿಲ್ಲ. ಎರಡೂ ತೆಳುಪೊರೆಯೇ, ಎರಡರಲ್ಲೂ ಬದಲಾಗುತ್ತದೆ. ಕೋನ ಬದಲಿಸಿದರೂ ಬಣ್ಣ ಕದಲದಿದ್ದರೆ ಅದು ಮಾರ್ಕರ್ ಪೆನ್ನು, ವಾರ್ನಿಷ್ ಅಥವಾ ಬಣ್ಣದ ಪುಡಿ ಎಂದಷ್ಟೇ ಹೇಳಬಹುದು. ಸಹಜಕ್ಕೂ ಕೃತಕಕ್ಕೂ ನಿಜವಾದ ವ್ಯತ್ಯಾಸ ವೇಗದಲ್ಲಿದೆ. ಗಾಳಿಯಲ್ಲಿನ ಹೈಡ್ರೋಜನ್ ಸಲ್ಫೈಡ್ ಅತ್ಯಲ್ಪ. ತೇವ ಮತ್ತು ಆಮ್ಲಜನಕದ ಜೊತೆ ಸೇರಿ ಅದು ನಿಧಾನವಾಗಿ ಕೆಲಸ ಮಾಡುವುದರಿಂದ ನಾಣ್ಯದ ಮೈಯ ಒಂದೊಂದು ಸಣ್ಣ ಭೇದವೂ ಪೊರೆಯ ದಪ್ಪದಲ್ಲಿ ದಾಖಲಾಗುತ್ತದೆ. ಅಕ್ಷರದ ಸುತ್ತ ಕಾಣುವ ಹಿಂಜರಿತದ ಕಾರಣವೂ ಅದೇ. ವೇಗವಾಗಿ ಬರಿಸಿದಾಗ ಆ ಭೇದಗಳಿಗೆ ಸಮಯವೇ ಸಿಗುವುದಿಲ್ಲ. ಮೊದಲ ಸುತ್ತಿನ ಪೊರೆ ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗಕ್ಕಿಂತಲೂ ತೆಳು ಎನ್ನುವುದು ನೆನಪಿರಲಿ. ಬೆರಳಿನಿಂದ ಒಮ್ಮೆ ಒರೆಸಿದರೂ ಅದಕ್ಕೆ ಪೆಟ್ಟು.

ರೇಷ್ಮೆ ಬಟ್ಟೆಯ ಕಥೆಗೆ ಬರುತ್ತೇನೆ. ಉಣ್ಣೆಯಲ್ಲಿ ಗಂಧಕ ಧಾರಾಳ, ರೇಷ್ಮೆಯಲ್ಲಿ ತೀರಾ ಕಡಿಮೆ. ಹಾಗೆಂದು ಕಥೆ ಸುಳ್ಳೇ ಎನ್ನಲಾಗದು, ಬಟ್ಟೆಯ ಬಣ್ಣ, ಪೆಟ್ಟಿಗೆಯ ಒಳಪದರ, ಹಳೇ ವೃತ್ತಪತ್ರಿಕೆ ಇವುಗಳಿಂದಲೂ ಗಂಧಕ ಬರುತ್ತದೆ. ಆದರೆ ಬಟ್ಟೆಯಲ್ಲಿ ಸುತ್ತಿದ್ದರೆ ನೇಯ್ಗೆಯ ಗುರುತೋ ಮಡಿಕೆಯ ಗೆರೆಯೋ ಬಣ್ಣದಲ್ಲಿ ಮೂಡಿರುವ ಸಂಭವ ಹೆಚ್ಚು. ನಾಣ್ಯದ ಎರಡು ಮುಖ ಬೇರೆ ಬೇರೆಯಾಗಿ ಬಣ್ಣ ಏರುವುದೂ ಸಹಜವೇ, ಒಂದು ಮುಖ ಬಟ್ಟೆಗೆ ಒತ್ತಿ ಇನ್ನೊಂದು ಪಕ್ಕದ ನಾಣ್ಯಕ್ಕೆ ಒತ್ತಿ ಕೂತಿರುತ್ತದೆ. ರಬ್ಬರ್ ಬ್ಯಾಂಡ್ ಹಾಕಿದ್ದರೆ ಅಡ್ಡಕ್ಕೆ ಕಪ್ಪು ಪಟ್ಟೆ ಬರುತ್ತದೆ, ರಬ್ಬರ್‌ನಲ್ಲಿ ಗಂಧಕ ಬೆರೆತಿರುತ್ತದೆ. ಅದು ಕೃತಕವಲ್ಲ, ಚೆಂದವೂ ಅಲ್ಲ. ಮಂಡ್ಯದ ನಾಲಾ ಬಯಲಿನಲ್ಲಿ ನೀರು ನಿಂತ ಗದ್ದೆ, ಮೋರಿ ಇವೂ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ, ಅಂಥ ಮನೆಗಳಲ್ಲಿ ಬೆಳ್ಳಿ ಬೇಗ ಕಪ್ಪಾಗುತ್ತದೆ.

ನಮ್ಮ ಕಡೆ ಇನ್ನೊಂದು ಗೊಂದಲ ಇದೆ, ಹೊರಗಿನ ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ. ಲಕ್ಷ್ಮೀ ಪೂಜೆಯಲ್ಲಿಟ್ಟ ನಾಣ್ಯಗಳ ತಗ್ಗುಗಳಲ್ಲಿ ಅರಿಶಿನ, ಕುಂಕುಮ, ಎಣ್ಣೆ ಕೂತಿರುತ್ತವೆ. ಅರಿಶಿನದ ಹಳದಿ ನೋಡುವುದಕ್ಕೆ ಸಲ್ಫೈಡ್‌ನ ಮೊದಲ ಹಳದಿಯಂತೆಯೇ ಕಾಣಬಹುದು. ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ಯುವಿ ಟಾರ್ಚ್ ಬಿಡಿ. ಅರಿಶಿನ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ, ಸಲ್ಫೈಡ್ ಹೊಳೆಯುವುದಿಲ್ಲ. ಕೆಲವು ಅಂಟು, ವಾರ್ನಿಷ್‌ಗಳೂ ಹೊಳೆಯುತ್ತವೆ.

ಈಗ ಅಸಿಟೋನ್. ಅದು ಎಣ್ಣೆ, ಅಂಟು, ಅರಿಶಿನ, ಮಾರ್ಕರ್ ಬಣ್ಣ, ಬಹುತೇಕ ವಾರ್ನಿಷ್, ಪಿವಿಸಿ ಪ್ಲಾಸ್ಟಿಕ್ ಹಾಳೆಯಿಂದ ಅಂಟಿದ ಜಿಗುಟು ಇವನ್ನು ಕರಗಿಸುತ್ತದೆ. ಸಲ್ಫೈಡ್ ಪೊರೆಯನ್ನು ಮುಟ್ಟುವುದಿಲ್ಲ, ಅದು ಸಹಜದ್ದಾಗಿರಲಿ ಕೃತಕದ್ದಾಗಿರಲಿ. ಆದ್ದರಿಂದ ಬಣ್ಣ ಬಿಟ್ಟರೆ ಅದು ಸಲ್ಫೈಡ್ ಅಲ್ಲ ಎನ್ನುವುದು ಖಚಿತ, ಬಿಡದಿದ್ದರೆ ಏನೂ ಸಾಬೀತಾಗಲಿಲ್ಲ. ಕೊಳ್ಳುವ ಮೊದಲು ಬೇರೆಯವರ ನಾಣ್ಯಕ್ಕೆ ಇದನ್ನು ಮಾಡಬೇಕಾದರೆ ಅವರ ಒಪ್ಪಿಗೆ ಬೇಕು. ಅಸಲಿ ಬಣ್ಣವೆಂದು ನಂಬಿದವರು ಬೇಡ ಅನ್ನಲು ಕಾರಣವಿಲ್ಲ.

ಮಾಡುವ ಕ್ರಮ: ಲ್ಯಾಬ್ ಸಾಮಗ್ರಿ ಅಂಗಡಿಯಲ್ಲಿ ಶುದ್ಧ ಅಸಿಟೋನ್ ಕೊಳ್ಳಿ. ಉಗುರು ಬಣ್ಣ ತೆಗೆಯುವ ದ್ರಾವಣ ಬೇಡ, ಅದರಲ್ಲಿ ನೀರು, ಎಣ್ಣೆ, ಸುವಾಸನೆ ಸೇರಿರುತ್ತವೆ. ಎರಡು ಸಣ್ಣ ಗಾಜಿನ ಬಟ್ಟಲಲ್ಲಿ ತಲಾ 50 ಮಿ.ಲೀ. ಹಾಕಿ. ಪ್ಲಾಸ್ಟಿಕ್ ಲೋಟ ಕರಗಿ ಅದರ ಪೊರೆಯೇ ನಾಣ್ಯಕ್ಕೆ ಅಂಟಬಹುದು. ಮೊದಲ ಬಟ್ಟಲಲ್ಲಿ ಹತ್ತು ನಿಮಿಷ ಬಿಡಿ, ನಡುವೆ ಒಮ್ಮೆ ಮಗುಚಿ ಹಾಕಿ. ತೆಗೆದು ಎರಡನೇ ಬಟ್ಟಲಲ್ಲಿ ಅರ್ಧ ನಿಮಿಷ ಅದ್ದಿ ತೆಗೆಯಿರಿ. ಹತ್ತಿಯಿಂದಾಗಲಿ ಬೆರಳಿನಿಂದಾಗಲಿ ಉಜ್ಜಲೇಬೇಡಿ. ಕರಗಿದ್ದು ತಾನಾಗಿ ಹೋಗುತ್ತದೆ. ಅಸಿಟೋನ್ ಆರುವಾಗ ನಾಣ್ಯ ತಣ್ಣಗಾಗಿ, ಮಳೆಗಾಲದಲ್ಲಿ ಗಾಳಿಯ ತೇವ ಅದರ ಮೇಲೆ ಕೂತು ಚುಕ್ಕಿ ಬೀಳಬಹುದು. ಅದಕ್ಕೆ ಒಣ ದಿನ ಮಾಡಿ, ತೆಗೆದ ಕೂಡಲೇ ಬ್ಲಾಟಿಂಗ್ ಕಾಗದದ ಮೇಲೆ ಮಗುಚಿ ಒತ್ತಿ ಒಣಗಿಸಿ. ಅಸಿಟೋನ್ ಆವಿ ಬಹಳ ಬೇಗ ಹೊತ್ತಿಕೊಳ್ಳುತ್ತದೆ. ಗ್ಯಾಸ್ ಒಲೆ, ದೀಪ, ಊದುಬತ್ತಿ ಇರುವ ಕೋಣೆಯಲ್ಲಿ ಬೇಡ, ಕಿಟಕಿ ತೆರೆದಿರಲಿ.

---

ಒಂಟಿಕೊಪ್ಪಲು_ಕಾಸು

ಇಬ್ಬರಿಗೂ ಧನ್ಯವಾದ. ಲೂಪ್‌ನಲ್ಲಿ ಕಂಡದ್ದನ್ನು ಹೇಳುತ್ತೇನೆ. ಹಸಿರಿನ ಗಡಿಯಲ್ಲಿ ನೇರಳೆ, ನೀಲಿ ಎಳೆ ಇಲ್ಲ, ಹಳದಿಗೇ ತಾಗಿದೆ. ರಾಜನ ಕಡೆ ಅಕ್ಷರಗಳ ಸುತ್ತ ಕೆಲವು ಕಡೆ ಹಿಂಜರಿತ ಇದೆ, ಹಿಂಬದಿಯಲ್ಲಿ ಎಲ್ಲೂ ಇಲ್ಲ. ಹನ್ನೆರಡು ಗಂಟೆಯ ಸ್ಥಾನದಲ್ಲಿ, ಕಿರೀಟದ ಮೇಲುಗಡೆ ಅಂಚಿನ ಗೆರೆಗಳು 4 ಮಿ.ಮೀ.ನಷ್ಟು ಅಗಲ ಮಸುಕಾಗಿವೆ. ಅಲ್ಲಿ ನೀಲಿ ಬೇರೆ ಕಡೆಗಿಂತ ಕಪ್ಪು.

---

ಮಂಡ್ಯ_ಬೆಳ್ಳಿರೂಪಾಯಿ

ಹನ್ನೆರಡು ಗಂಟೆಯ ಸ್ಥಾನ ಅಂದಿರಲ್ಲ, ಅಲ್ಲೇ ಇದೆ ಉತ್ತರ. ಅದು ಕೊಂಡಿಯ ಜಾಗ ಕಣ್ರೀ. ಬೆಳ್ಳಿ ರೂಪಾಯಿಗಳನ್ನು ಸರಕ್ಕೆ, ಡಾಬಿಗೆ, ಮಕ್ಕಳ ಕೊರಳಿಗೆ ಕಟ್ಟುವುದು ನಮ್ಮ ಸೀಮೆಯಲ್ಲಿ ಮೊದಲಿಂದಲೂ ಇದೆ. ಅಕ್ಕಸಾಲಿ ಬೆಸುಗೆ ಹಾಕುವಾಗ ನಾಣ್ಯ ಕೆಂಪಗೆ ಕಾಯುತ್ತದೆ. 91.7 ಭಾಗ ಬೆಳ್ಳಿಯ ಜೊತೆಗಿರುವ ತಾಮ್ರ ಮೇಲ್ಮೈಯಲ್ಲಿ ಸುಟ್ಟು ಕಪ್ಪಾಗುತ್ತದೆ. ಅದನ್ನು ತೆಗೆಯಲು ತೆಳು ಗಂಧಕಾಮ್ಲದಲ್ಲಿ ಬೇಯಿಸುತ್ತಾರೆ, ತಾಮ್ರ ಹೋಗಿ ಮೇಲೆ ಬಿಳೀ ಮಂಕು ಬೆಳ್ಳಿ ಉಳಿಯುತ್ತದೆ. ಹರಿವಿನ ಗೆರೆಗಳು ಅಲ್ಲಿಗೆ ಮುಗಿದವು. ಆಮೇಲೆ ಯಾರೋ ಕೊಂಡಿ ಕಿತ್ತು, ಅರದಿಂದ ತೀಡಿ, ಅಂಚಿನ ಗೆರೆಗಳನ್ನು ಕೈಯಲ್ಲಿ ಕೊರೆಯುತ್ತಾರೆ. ಬಿಳೀ ಮಂಕು ಮೈ ನೋಡಿದವರೆಲ್ಲ ಬೇಡ ಅನ್ನುವುದರಿಂದ ಅದರ ಮೇಲೆ ನೀಲಿ ಹೊದಿಸುತ್ತಾರೆ. ಸಾಧಾರಣ ವರ್ಷದ, ಎಲ್ಲೆಡೆ ಸಿಗುವ ರೂಪಾಯಿಗೆ ಇಷ್ಟು ಗಾಢ ಬಣ್ಣ ಕಂಡಾಗ ನಾನು ಮೊದಲು ಅಂಚು ನೋಡುವುದು ಇದಕ್ಕೇ.

ಖಚಿತ ಮಾಡಿಕೊಳ್ಳಲು ಎರಡು ಕೆಲಸ. ನಾಣ್ಯವನ್ನು ಅಡ್ಡ ಹಿಡಿದು ಅಂಚಿನ ಗೆರೆಗಳನ್ನು ಪೂರ್ತಿ ಒಂದು ಸುತ್ತು ನೋಡಿ. ಟಂಕಸಾಲೆಯ ಗೆರೆಗಳ ಅಂತರ ಒಂದೇ ಸಮ, ಕೈಯಲ್ಲಿ ಕೊರೆದವು ಓರೆಯಾಗಿ ಹೆಚ್ಚು ಕಡಿಮೆ ಇರುತ್ತವೆ. ಆಮೇಲೆ ಆ ಜಾಗದಲ್ಲಿ ಲೋಹದ ಬಣ್ಣ ನೋಡಿ. ಬೆಸುಗೆಯಲ್ಲಿ ಹಿತ್ತಾಳೆ ಬೆರೆತಿರುವುದರಿಂದ ಗಂಧಕ ಅಲ್ಲಿ ಬೇರೆ ವೇಗದಲ್ಲಿ ಕೂರುತ್ತದೆ, ನಿಮಗೆ ಕಂಡ ಕಪ್ಪು ಅದೇ ಇರಬೇಕು.

ತೂಕ ಸರಿ ಇದೆ, ಆದರೂ ಅಸಲಿ ಬೆಳ್ಳಿಯೋ ಎಂದು ನೋಡಲು ನೀರಿನ ತೂಕ ಸುಲಭ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ಡಿಸ್ಟಿಲ್ಡ್ ವಾಟರ್ ಇರುವ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರದಲ್ಲಿ ತಳ ತಾಗದಂತೆ ಮುಳುಗಿಸಿ ಹಿಡಿಯಿರಿ. 91.7 ಭಾಗ ಬೆಳ್ಳಿಯಾದರೆ ತಕ್ಕಡಿ 1.13 ಆಸುಪಾಸು ತೋರಿಸಬೇಕು. 1.3 ದಾಟಿದರೆ ಜರ್ಮನ್ ಸಿಲ್ವರ್, ಹಿತ್ತಾಳೆಯಂಥ ಹಗುರ ಲೋಹ. ಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ, ದಾರ ಅಲುಗಿಸಿ ಬಿಡಿಸಿ.

ನನ್ನ ಲೆಕ್ಕದಲ್ಲಿ ಆ ನಾಣ್ಯದ ಬೆಲೆ ಅದರ ಬೆಳ್ಳಿಯ ಬೆಲೆಗಿಂತ ಸ್ವಲ್ಪ ಮೇಲೆ, ಅಷ್ಟೇ.

---

ಕೃಷ್ಣರಾಜಪೇಟೆ_ಸಂಗ್ರಹ

ತಾಮ್ರಕ್ಕೂ ಇದೇ ಲೆಕ್ಕವೇ ಸಾರ್? ಶ್ರೀರಂಗಪಟ್ಟಣದ ಸುತ್ತ ಟಿಪ್ಪು ಕಾಲದ ಆನೆ ಕಾಸು ಅಂತ ಹಸಿರು ಹಿಡಿದವನ್ನು ತೋರಿಸುತ್ತಾರೆ. ಹೊಲ ಉಳುವಾಗ ಸಿಕ್ಕಿತು ಅಂತಾರೆ. ಹುಣಸೆಹಣ್ಣಿನಲ್ಲಿ ತೊಳೆದು ನೋಡಬಹುದಾ?

---

ಪಟ್ಟಣದ_ಆನೆಕಾಸು

ಹುಣಸೆಹುಳಿ, ನಿಂಬೆ, ಪಾತ್ರೆ ಬೆಳಗುವ ಪುಡಿ ಯಾವುದೂ ಬೇಡ, ದಯವಿಟ್ಟು. ಹುಳಿ ತಾಮ್ರದ ಆಕ್ಸೈಡನ್ನು ಕರಗಿಸುತ್ತದೆ, ಅಂದರೆ ಇನ್ನೂರು ವರ್ಷದಲ್ಲಿ ಕೂತ ಕಂದು ಪದರವನ್ನೇ ಕಿತ್ತು ಹಾಕುತ್ತದೆ. ಉಳಿಯುವುದು ಗುಲಾಬಿ ಬಣ್ಣದ ಬರಿ ಮೈ, ಅದನ್ನು ಮತ್ತೆ ಹಳತು ಮಾಡಲು ಆಗುವುದಿಲ್ಲ. ಬೆಳ್ಳಿಗೆ ಹುಣಸೆ ಹಾಕಿದರೂ ಸಲ್ಫೈಡ್ ಹೆಚ್ಚೇನೂ ಕರಗುವುದಿಲ್ಲ, ಹೊಳಪು ಬರುವುದು ನಾವು ಉಜ್ಜುವುದರಿಂದ. ಪ್ರತಿ ಉಜ್ಜಿಗೂ ಗೀರು.

ತಾಮ್ರದ ಸಹಜ ಕಿಲುಬಿಗೆ ಪದರಗಳಿವೆ. ಲೋಹಕ್ಕೆ ತಾಗಿ ಕೆಂಪು ಕಂದು ಆಕ್ಸೈಡ್, ಅದರ ಮೇಲೆ ಗಟ್ಟಿಯಾದ ಹಸಿರು. ಉಪ್ಪು, ವಿನಿಗರ್, ನವಸಾಗರ ಹಾಕಿ ಕೆಲವು ದಿನಗಳಲ್ಲಿ ಬರಿಸಿದ ಹಸಿರಿಗೆ ನಡುವಿನ ಕೆಂಪು ಪದರ ಇಲ್ಲವೇ ಇಲ್ಲ ಅನ್ನುವಷ್ಟು ತೆಳು. ಅಂಚಿನಲ್ಲಿ ಕಾಣದ ಒಂದು ಜಾಗದಲ್ಲಿ ಬಿದಿರು ಕಡ್ಡಿ ಚೂಪು ಮಾಡಿ ಒತ್ತಿ ನೋಡಿ. ಕೃತಕ ಹಸಿರು ಪುಡಿಯಾಗಿ ಉದುರಿ ಕೆಳಗೆ ಹೊಳೆಯುವ ಲೋಹ ಕಾಣುತ್ತದೆ. ಹಳೇ ಕಿಲುಬು ಕಡ್ಡಿಗೆ ಜಗ್ಗುವುದಿಲ್ಲ. ಹೊಳೆಯುವ ಲೋಹ ಹಳದಿಯಾಗಿದ್ದರೆ ಅದು ಹಿತ್ತಾಳೆ, ಟಿಪ್ಪುವಿನ ಕಾಸು ತಾಮ್ರದ್ದು. ಕೆಲವರು ಹಸಿರು ಪೇಂಟನ್ನೇ ಹಚ್ಚುತ್ತಾರೆ, ಅದನ್ನು ಅಸಿಟೋನ್ ಹಿಡಿದುಕೊಡುತ್ತದೆ.

ಕಿಲುಬಿಗಿಂತ ಮೊದಲು ಅಚ್ಚು ನೋಡಬೇಕು. ಅಸಲಿ ಕಾಸು ಸುತ್ತಿಗೆ ಪೆಟ್ಟಿನಲ್ಲಿ ಅಚ್ಚೊತ್ತಿದ್ದು. ಆನೆಯ ಗೆರೆ ಚೂಪು, ಅಂಚಿನಲ್ಲಿ ಸಣ್ಣ ಬಿರುಕು, ಅಚ್ಚು ಸ್ವಲ್ಪ ಪಕ್ಕಕ್ಕೆ ಸರಿದಿರುವುದೂ ಸಾಮಾನ್ಯ. ಎರಕದ ನಕಲಿಯಲ್ಲಿ ಸೋಪಿನಂಥ ಮೊಂಡು ಗೆರೆ, ಬಯಲಿನಲ್ಲಿ ಸೂಜಿ ತೂತು, ಅಂಚಿನ ಸುತ್ತ ಜೋಡಿಕೆಯ ಗೆರೆ ಅಥವಾ ಅದನ್ನು ಅರದಿಂದ ತೀಡಿದ ಗುರುತು ಇರುತ್ತದೆ. ಪೈಸೆಗೆ ಜೊಹರಾ, ಅರ್ಧಕ್ಕೆ ಬಹರಾಮ್, ಕಾಲಿಗೆ ಅಖ್ತರ್, ಅದರ ಅರ್ಧಕ್ಕೆ ಕುತ್ಬ್ ಎಂದು ಹೆಸರು. ಪೈಸೆ 11 ಗ್ರಾಂ ಆಸುಪಾಸು. ಟಿಪ್ಪು ಜಾರಿಗೆ ತಂದ ಮೌಲೂದಿ ಕಾಲಗಣನೆಯ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ನಕಲಿ ಮಾಡುವವರು ಎಷ್ಟೋ ಸಲ ಇದರಲ್ಲೇ ಎಡವುತ್ತಾರೆ, ಟಂಕಸಾಲೆಯ ಹೆಸರಿಗೂ ವರ್ಷಕ್ಕೂ ತಾಳೆಯಾಗುವುದಿಲ್ಲ.

ಹೊಲದಲ್ಲಿ ಸಿಕ್ಕಿದ್ದು ಎಂಬ ಮಾತು ನಿಜವಾಗಿದ್ದರೆ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾನೂನು ಹೇಳುತ್ತದೆ. ಹಾಗೆ ಹೇಳಿ ಮಾರುವವರಿಂದ ದೂರ ಇರುವುದೇ ವಾಸಿ.

ಒಂದು ಎಚ್ಚರಿಕೆ. ಗಟ್ಟಿ ಹಸಿರು ಬೇರೆ, ತಿಳಿ ಹಸಿರಿನ ಹಿಟ್ಟು ಬೇರೆ. ಹಿಟ್ಟಿನಂಥದ್ದು ಒರೆಸಿದ ಮೇಲೂ ಕೆಲವು ವಾರಗಳಲ್ಲಿ ಮತ್ತೆ ಬಂದರೆ ಅದು ತಾಮ್ರದ ಕ್ಲೋರೈಡ್, ನಾಣ್ಯವನ್ನು ಒಳಗಿಂದ ತಿನ್ನುತ್ತದೆ. ಅಂಥದ್ದನ್ನು ಕೂಡಲೇ ಬೇರೆ ಡಬ್ಬಿಗೆ ತೆಗೆಯಿರಿ, ಅದರ ಪುಡಿ ಪಕ್ಕದವಕ್ಕೆ ಬೀಳಬಾರದು. ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ನೀರಿಲ್ಲದ ವಾಷಿಂಗ್ ಸೋಡಾ 23 ಗ್ರಾಂ, ಅಡುಗೆ ಸೋಡಾ 19 ಗ್ರಾಂ ಕರಗಿಸಿ, ನಾಣ್ಯ ಮುಳುಗಿಸಿಡಿ, ವಾರಕ್ಕೊಮ್ಮೆ ದ್ರಾವಣ ಬದಲಿಸಿ. ತಿಂಗಳುಗಟ್ಟಲೆ ಹಿಡಿಯಬಹುದು. ಮೈ ಬಣ್ಣ ಸ್ವಲ್ಪ ನೀಲಿ ಕಡೆಗೆ ವಾಲುವ ಸಾಧ್ಯತೆ ಇದೆ, ನಾಣ್ಯ ಉಳಿಯಬೇಕಾದರೆ ಅದನ್ನು ಒಪ್ಪಿಕೊಳ್ಳಬೇಕು. ಕೊನೆಗೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಹಲವು ಸಲ ತೊಳೆದು, ಅಸಿಟೋನ್‌ನಲ್ಲಿ ಅದ್ದಿ ಒಣಗಿಸಿ. ನಲ್ಲಿ ನೀರು ಬೇಡ, ಅದರಲ್ಲೇ ಕ್ಲೋರೈಡ್ ಇದೆ.

---

ಒಂಟಿಕೊಪ್ಪಲು_ಕಾಸು

ಅಂಚಿನ ಗೆರೆ ನೋಡಿದೆ, ಆ 4 ಮಿ.ಮೀ. ಜಾಗದಲ್ಲಿ ಗೆರೆಗಳು ಓರೆ. ಬೇಡ ಎಂದು ಹೇಳಿದ್ದೇನೆ. ಇನ್ನು ಮುಂದೆ ಇಂಥದ್ದನ್ನು ಅಮೆರಿಕದ ಗ್ರೇಡಿಂಗ್ ಕಂಪನಿಗೆ (ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವವರಿಗೆ) ಕಳಿಸಿ ಬಣ್ಣ ಸಹಜ ಎಂದು ಬರೆಸಿಕೊಂಡು ಬರಬಹುದೇ? ಇಡುವ ಬಗೆಯನ್ನೂ ಯಾರಾದರೂ ತಿಳಿಸಿ.

---

ರಸಾಯನ_ಗಂಗೋತ್ರಿ

ಕಳಿಸುವ ಮೊದಲು ಕಾನೂನು ನೋಡಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ ನೂರು ವರ್ಷ ತುಂಬಿದ ನಾಣ್ಯವೂ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. 1918ರ ರೂಪಾಯಿಗೆ ನೂರು ದಾಟಿದೆ. ಟಿಪ್ಪುವಿನ ಕಾಸಿನ ಮಾತೇ ಬೇಡ. ಗಾಂಧಿ ಶತಾಬ್ದಿಯ 1969ರ ಹತ್ತು ರೂಪಾಯಿಯಂಥ (15 ಗ್ರಾಂ, 80 ಭಾಗ ಬೆಳ್ಳಿ) ಹೊಸ ನಾಣ್ಯಗಳಿಗೆ ಈ ಅಡ್ಡಿ ಇಲ್ಲ. ಇನ್ನೊಂದು ವಿಷಯ, ಆ ಕಂಪನಿಗಳು ಸಹಜ ಎಂದು ಪ್ರಮಾಣಪತ್ರ ಕೊಡುವುದಿಲ್ಲ. ಬಣ್ಣ ಒಪ್ಪಿಗೆಯಾದರೆ ಮಾಮೂಲು ದರ್ಜೆ ಕೊಡುತ್ತವೆ. ಅನುಮಾನ ಬಂದರೆ ದರ್ಜೆ ಕೊಡದೆ ಷರಾ ಬರೆಯುತ್ತವೆ. ಅಂಥ ಕಂಪನಿಗಳಲ್ಲೊಂದಾದ ಪಿಸಿಜಿಎಸ್‌ನಲ್ಲಿ ಸಂಶಯಾಸ್ಪದ ಬಣ್ಣಕ್ಕೆ 91 ಎಂಬ ಸಂಖ್ಯೆ. ಅವರು ನಾಣ್ಯವನ್ನು ಇಟ್ಟು ಕೊಡುವ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೂ ಗಾಳಿ ಹೋಗುತ್ತದೆ, ಬಣ್ಣ ಮುಂದುವರಿಯುತ್ತದೆ. ಹೊರಗೆ ಕಳಿಸುವ ಬದಲು ಬಣ್ಣವಿಲ್ಲದ ನಾಣ್ಯಕ್ಕೆ ಕೊಡುವಷ್ಟೇ ಬೆಲೆಗೆ ಸಿಕ್ಕರೆ ಮಾತ್ರ ಬಣ್ಣದ್ದನ್ನು ಕೊಳ್ಳಿ. ಆಗ ಬಣ್ಣದ ಬಗ್ಗೆ ತಪ್ಪು ಲೆಕ್ಕ ಹಾಕಿದರೂ ನಷ್ಟ ಕಡಿಮೆ.

ಇಡುವ ಬಗೆ. ಮೆತ್ತಗೆ ಬಾಗುವ, ಹೊಸ ರೆಕ್ಸಿನ್ ವಾಸನೆ ಬರುವ ಪ್ಲಾಸ್ಟಿಕ್ ಹಾಳೆ ಪಿವಿಸಿ. ಅದು ಕಾಲಕ್ರಮದಲ್ಲಿ ಆಮ್ಲ ಬಿಟ್ಟು ನಾಣ್ಯದ ತಾಮ್ರವನ್ನು ಹಿಡಿದು ಹಸಿರು ಜಿಗುಟು ಮಾಡುತ್ತದೆ. ಅನುಮಾನವಿದ್ದರೆ ತಾಮ್ರದ ತಂತಿ ಕೆಂಪಗೆ ಕಾಯಿಸಿ ಆ ಪ್ಲಾಸ್ಟಿಕ್‌ಗೆ ಮುಟ್ಟಿಸಿ ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಪಿವಿಸಿ. ಹೊಗೆ ಕುಡಿಯಬೇಡಿ, ಅಸಿಟೋನ್ ಇರುವ ಕಡೆ ಮಾಡಬೇಡಿ. ಗರಿಗರಿ ಶಬ್ದ ಬರುವ ಪಾಲಿಯೆಸ್ಟರ್ ಹಾಳೆ ಅಥವಾ ಗಟ್ಟಿ ಅಕ್ರಿಲಿಕ್ ಡಬ್ಬಿ ಒಳ್ಳೆಯದು. ರಟ್ಟಿನ ಚೌಕದಲ್ಲಿ ಇಡುವುದಾದರೆ ಸ್ಟೇಪಲ್ ಪಿನ್ನುಗಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರು ಬೀಳುತ್ತದೆ. ಒಡವೆ ಅಂಗಡಿಯ ವೆಲ್ವೆಟ್ ಡಬ್ಬಿಗಳನ್ನು ನಾಣ್ಯಕ್ಕೆ ಬಳಸಬೇಡಿ, ಅವುಗಳ ಅಂಟಿನಿಂದ ಏನು ಹೊರಡುತ್ತದೋ ತಿಳಿಯುವ ದಾರಿಯಿಲ್ಲ.

ಇವೆಲ್ಲವನ್ನೂ ರಬ್ಬರ್ ಪಟ್ಟಿಯಿಲ್ಲದ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು 50 ಗ್ರಾಂ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಜೊತೆಗೆ ಸಣ್ಣ ತೇವಮಾಪಕ ಇರಲಿ, 50 ಶೇಕಡಾ ದಾಟದಂತೆ ನೋಡಿಕೊಳ್ಳಿ. ಜೆಲ್ ಬಣ್ಣ ಬದಲಾದರೆ 110ರಿಂದ 120 ಡಿಗ್ರಿಯಲ್ಲಿ ಓವನ್‌ನಲ್ಲಿ ಎರಡು ಮೂರು ಗಂಟೆ ಒಣಗಿಸಿ, ಪೂರ್ತಿ ಆರಿದ ಮೇಲೆ ವಾಪಸ್ ಹಾಕಿ. ದೇವರ ಕೋಣೆ, ಅಡುಗೆಮನೆಯ ಗೋಡೆ ಹಂಚಿಕೊಂಡ ಕಪಾಟು ಬೇಡ. ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಡಬ್ಬಿ ತೆರೆದು ಮಾಪಕ ನೋಡಿದರೆ ಸಾಕು, ಪದೇ ಪದೇ ತೆರೆದರೆ ತೇವವನ್ನು ನಾವೇ ಒಳಗೆ ಬಿಟ್ಟಂತಾಗುತ್ತದೆ.